ಅಪ್ಪ ಹೇಳದೇ ಬಿಟ್ಟ ಮೂರನೆಯ ‘ಬ್ಯಾಡ’

ಚುನಾವಣೆ ಬಂತೆಂದರೆ ಬಸವಕಲ್ಯಾಣದ ನಮ್ಮ ಬಟ್ಟೆ ಅಂಗಡಿಗೆ ಎರಡು ಬಗೆಯ ಜನ ಬರುತ್ತಿದ್ದರು. ಬಿಳಿ ಬಟ್ಟೆ ಕೊಳ್ಳಲು ಬರುವವರು ಮೊದಲನೆಯವರು. ಅದೇ ಬಿಳಿ ಬಟ್ಟೆ ಹೊಲಿಸಿ ತೊಟ್ಟು, ಕೈಮುಗಿದುಕೊಂಡು ಮತ ಕೇಳಲು ಬರುವವರು ಎರಡನೆಯವರು. ಮೊದಲಿನವರಿಗೆ ಅಪ್ಪ ಕಬ್ಬಿಣದ ಮೀಟರು ಕೋಲಿನಿಂದ ಅಳೆದು, ನಾಲ್ಕು ಬೆರಳು ಹೆಚ್ಚೇ ಬಿಟ್ಟು ಕತ್ತರಿ ಹಾಕುತ್ತಿದ್ದರು. ಎರಡನೆಯವರನ್ನು ಗಾದಿಯ ಮೇಲೆ ಕೂಡಿಸಿ, ಚಹಾ ತರಿಸಿ, ಅವರು ಒಂದು ಗುಟುಕು ಕುಡಿಯುವ ತನಕ ಸುಮ್ಮನಿದ್ದು, ಆಮೇಲೆ ಒಂದೇ ಒಂದು ಪ್ರಶ್ನೆ ಕೇಳುತ್ತಿದ್ದರು.

“ಎಲ್ಲಾ ಖರೆ. ಯಾವಾಗ ಇಳೀತೀರಿ?”

ಬಂದವರು ರಸ್ತೆಯ ಮಾತು, ನಳದ ಮಾತು, ಓಣಿಯ ದೀಪದ ಮಾತು ಬಾಯಿಪಾಠ ಮಾಡಿಕೊಂಡು ಬಂದಿರುತ್ತಿದ್ದರು. ಇಳಿಯುವ ಮಾತು ಯಾರ ಪಟ್ಟಿಯಲ್ಲೂ ಇರುತ್ತಿರಲಿಲ್ಲ. ಒಬ್ಬರಂತೂ ಕೈಯಲ್ಲಿ ಚಹಾದ ಬಸಿ ಹಿಡಿದುಕೊಂಡೇ, “ಇನ್ನೂ ಏರೇ ಇಲ್ಲಲ್ರಿ ಸಾವಕಾರ್ರ, ಇಳಿಯೂ ಮಾತು ಎಲ್ಲಿಂದ ಬಂತು?” ಎಂದರು. ಅಪ್ಪ ನಗದೇ ಉತ್ತರ ಕೊಟ್ಟರು: “ಬಸ್ಸು ಹತ್ತೂ ಮುಂದ ಕಂಡಕ್ಟರ್ ಎಲ್ಲಿ ಇಳೀತೀರಿ ಅಂತನೇ ಕೇಳ್ತಾನಲ್ರಿ. ಅದು ಹೇಳಲಾರದವರಿಗೆ ಟಿಕೇಟ್ ಹ್ಯಾಂಗ ಹರೀಬೇಕು?” ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ಕೈಮುಗಿಯುತ್ತ ಬಂದವರು ಕೈಮುಗಿಯುತ್ತಲೇ ಎದ್ದು ಹೋದರು.

ನಾನಾಗ ಕಾಲೇಜಿಗೆ ಹೋಗುವ ಹುಡುಗಿ. ತೊಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಚುನಾವಣೆಯೆಂದರೆ ಆಗ ಸದ್ದು, ಬಣ್ಣ, ಬಟ್ಟೆ. ಜೀಪಿನ ಮೈಕು ಓಣಿಯ ತಿರುವಿನಲ್ಲಿ ಕೇಳಿಸಿದರೆ ಚಿಕ್ಕವರೆಲ್ಲ ಓಡುತ್ತಿದ್ದರು. ಗೆದ್ದವರ ಪೋಸ್ಟರು, ಸೋತವರ ಪೋಸ್ಟರು ಎಂಬ ಭೇದವಿಲ್ಲದೆ ಎಲ್ಲವನ್ನೂ ಕಿತ್ತು ತಂದು ನೋಟುಬುಕ್ಕಿಗೆ ರಟ್ಟು ಹಾಕುತ್ತಿದ್ದೆವು. ಖಾಲಿ ಬದಿ ಹೊರಗೆ, ಮುಖ ಒಳಗೆ. ಚುನಾವಣೆ ಮುಗಿದ ವಾರದಲ್ಲಿ ಬ್ಯಾನರಿನ ಬಟ್ಟೆ ಮನೆಮನೆಗೂ ಸೇರಿ ದಿಂಬಿನ ಚೀಲವಾಗುತ್ತಿತ್ತು, ಜೋಳದ ಚೀಲವಾಗುತ್ತಿತ್ತು. ಯಾವುದೋ ಹೆಸರಿನ ಅರ್ಧ ಅಕ್ಷರಗಳ ಮೇಲೆ ತಲೆಯಿಟ್ಟು ನಾನು ಎಷ್ಟೋ ವರ್ಷ ಮಲಗಿದ್ದೇನೆ. ಅಷ್ಟು ಒಳ್ಳೆಯ ನಿದ್ದೆ ಮತ್ತೆ ಬರಲಿಲ್ಲ.

ಆದರೆ ಆ ಗದ್ದಲದಡಿ ಜನರ ಮನಸ್ಸು ತಣ್ಣಗಾಗುತ್ತ ಬಂದಿದ್ದು ಆಗಲೇ ತಿಳಿಯುತ್ತಿತ್ತು. ಅಂಗಡಿಗೆ ಬಂದವರು ಯಾವ ಪಕ್ಷವೆಂದು ಜಗಳವಾಡುವುದನ್ನು ಬಿಟ್ಟರು. “ಯಾರಿಗೆ ಹಾಕಿದ್ರೇನ್ರಿ, ಒಮ್ಮೆ ಕುಂತ್ರ ಏಳೂದಿಲ್ಲ” ಎಂದು ಸೀರೆಯ ಸೆರಗಿನ ಬಣ್ಣ ನೋಡುತ್ತಲೇ ಹೇಳಿಬಿಡುತ್ತಿದ್ದರು. ಸಿಟ್ಟೂ ಇಲ್ಲದ ಆ ದನಿ ನನಗೆ ಸಿಟ್ಟು ತರಿಸುತ್ತಿತ್ತು. ಅಪ್ಪನಿಗೆ ಮಾತ್ರ ಒಂದು ಪರಿಹಾರ ಗೊತ್ತಿತ್ತು. “ಎರಡು ಪಾಳಿ. ಪಂಚಾಯತಿ ಇರಲಿ, ದಿಲ್ಲಿ ಇರಲಿ, ಎರಡು ಪಾಳಿ ಮಾಡಿ ಮನೀಗಿ ಹೋಗಬೇಕು. ಐವತ್ತೆಂಟು ತುಂಬಿದ ಮಾಸ್ತರಗ ಶಾಲು ಹೊದಿಸಿ ಕಳಸ್ತೀರಿ. ಇವರಿಗೆ ಯಾಕ ಕಳಸೂದಿಲ್ಲ?” ಎಂದು ಕತ್ತರಿ ಕೆಳಗಿಟ್ಟು ಕೇಳುತ್ತಿದ್ದರು.

ಪಾಳಿ ಎಂದರೆ ಸರದಿ. ಆ ಮಾತನ್ನು ಅಪ್ಪ ಯಾವ ಪೇಪರಿನಿಂದಲೂ ಕಲಿತಿರಲಿಲ್ಲ, ನಮ್ಮ ಓಣಿಯಿಂದಲೇ ಕಲಿತಿದ್ದರು. ಶ್ರಾವಣದ ಸೋಮವಾರಗಳಂದು ನಮ್ಮ ಓಣಿಯಲ್ಲಿ ದಾಸೋಹ. ಸಂಜೆ ವಚನ ಹಾಡುವುದು, ಆಮೇಲೆ ಎಲ್ಲರೂ ಒಟ್ಟಿಗೆ ಸಾಲಾಗಿ ಕೂತು ಗೋಧಿ ಹುಗ್ಗಿ ಉಣ್ಣುವುದು. ಓಣಿಯಲ್ಲಿ ಅಂಗಡಿಕಾರರಿದ್ದರು, ಹೊಲದವರಿದ್ದರು, ಕುರಿ ಸಾಕುವವರಿದ್ದರು. ದಾಸೋಹದ ಯಜಮಾನಿಕೆ ಹಿರಿಯರು ಹಾಕಿಟ್ಟ ಕ್ರಮದಲ್ಲಿ ಮನೆಯಿಂದ ಮನೆಗೆ ಹೋಗುತ್ತಿತ್ತು, ಯಾವ ಮನೆಯನ್ನೂ ಬಿಡುವಂತಿರಲಿಲ್ಲ. ಒಂದು ಮನೆಗೆ ಎರಡು ಶ್ರಾವಣ. ಆ ಎರಡು ವರ್ಷ ಕೊಪ್ಪರಿಗೆ, ಹಂಡೆಗಳೆಲ್ಲ ಆ ಮನೆಯಲ್ಲೇ ಇರಬೇಕು. ಏನು ಅಡುಗೆ, ಯಾರು ಹಾಡಬೇಕು, ಯಾರನ್ನು ಎಲ್ಲಿ ಕೂಡಿಸಬೇಕು ಎಲ್ಲವೂ ಆ ಮನೆಯವರ ಮಾತು. ಗುರುತಿಗೆ ಒಂದು ಹಿತ್ತಾಳೆಯ ಉದ್ದ ಸೌಟು. ಓಣಿಯಲ್ಲಿ ಮನೆಗಳು ಬಹಳ, ಹಾಗಾಗಿ ಒಮ್ಮೆ ಪಾಳಿ ಮಾಡಿದವರ ಮನೆಗೆ ಅದು ಮತ್ತೆ ಬರಬೇಕಾದರೆ ಒಂದು ತಲೆಮಾರೇ ಕಳೆಯಬೇಕು. ಅಂದರೆ ಒಬ್ಬ ಮನುಷ್ಯನಿಗೆ ಆಯುಷ್ಯದಲ್ಲಿ ಒಮ್ಮೆ.

ಸೌಟು ಕೈಬಿಡುವುದಕ್ಕೂ ಒಂದು ಪದ್ಧತಿಯಿತ್ತು. ಎರಡನೆಯ ಶ್ರಾವಣದ ಕೊನೆಯ ಸೋಮವಾರ ಊಟವಾದ ಮೇಲೆ ಪಾಳಿಯವರು ನಡುವೆ ನಿಂತು, “ನನ್ನ ಪಾಳಿ ತೀರಿತ್ರಿ” ಎನ್ನಬೇಕು. ಕೂತವರು, “ಇರ್ರಿ, ಇನ್ನೊಂದೆರಡು ವರ್ಷ ನೀವೇ ಮಾಡ್ರಿ” ಎನ್ನಬೇಕು. ಅವರು “ಬ್ಯಾಡ್ರಿ” ಎನ್ನಬೇಕು. ಇದು ಮೂರು ಸಲ. ಮೂರನೆಯ ‘ಬ್ಯಾಡ’ ಆದ ಮೇಲೆ ಮುಂದಿನ ಮನೆಯವರು ಕೈತೊಳೆದು ಎದ್ದು ಬಂದು ಸೌಟು ಇಸಿದುಕೊಳ್ಳಬೇಕು. ಇರ್ರಿ ಎನ್ನುವುದು ಮರ್ಯಾದೆಯ ಮಾತು. ಉಣ್ಣುವ ಹೊತ್ತಿಗೆ ಬಾಗಿಲ ಮುಂದೆ ಹಾದುಹೋದವರನ್ನು “ಬರ್ರಿ ಉಣ್ಣಾಕ” ಎಂದು ಕರೆಯುತ್ತೇವಲ್ಲ, ಅವರು “ಆಗ್ಯಾದ್ರಿ, ನೀವು ಉಣ್ರಿ” ಎಂದು ಮುಂದೆ ಹೋಗುತ್ತಾರಲ್ಲ, ಹಾಗೆ. ಕರೆಯದಿದ್ದರೆ ತಪ್ಪು. ಕರೆದರೆಂದು ಬಂದು ಕೂತುಬಿಟ್ಟರೆ ಅದಕ್ಕೆ ಏನನ್ನಬೇಕೆಂದು ನಮ್ಮ ಕಡೆ ಯಾರಿಗೂ ಗೊತ್ತಿಲ್ಲ.

ಚಿಕ್ಕಂದಿನಲ್ಲಿ ನಾವು ಹುಡುಗಿಯರು ಇದನ್ನೇ ಆಟವಾಡುತ್ತಿದ್ದೆವು. ಕಟ್ಟಿಗೆಯ ಚಮಚ ಹಿಡಿದು ಒಬ್ಬಳು ನಿಲ್ಲುವುದು, ಉಳಿದವರು ಇರ್ರಿ ಇರ್ರಿ ಎಂದು ಸೆರಗು ಜಗ್ಗುವುದು, ಅವಳು ಮೂಗು ಮೇಲೆ ಮಾಡಿ ಬ್ಯಾಡ್ರಿ ಬ್ಯಾಡ್ರಿ ಎನ್ನುವುದು. ಶ್ರಾವಣದ ಜಿಟಿಜಿಟಿ ಮಳೆ, ಒದ್ದೆ ಗೋಣಿಚೀಲದ ಮೇಲೆ ಕೂತ ಸಾಲು, ಹುಗ್ಗಿಯ ಬೆಲ್ಲದ ಹಬೆ, ದೊಡ್ಡವರು ನಮ್ಮ ಆಟ ನೋಡಿ ನಗುವುದು. ಈಗ ಎಣಿಸಿದರೆ ನನ್ನ ಆಯುಷ್ಯದ ಒಳ್ಳೆಯ ಸೋಮವಾರಗಳೆಲ್ಲ ಅಲ್ಲೇ ಇವೆ.

ನಾನು ಕಾಲೇಜು ಮುಗಿಸುವ ಹೊತ್ತಿಗೆ ಪಾಳಿ ನಮ್ಮ ಮನೆಗೆ ಬಂತು. ಅಪ್ಪ ಎರಡು ಶ್ರಾವಣ ಸೌಟು ಹಿಡಿದದ್ದನ್ನು ಓಣಿ ಹೊಗಳಿತು, ಸುಳ್ಳು ಹೊಗಳಿಕೆಯಲ್ಲ. ಹುಗ್ಗಿ ಒಂದು ದಿನವೂ ತಳ ಹಿಡಿಯಲಿಲ್ಲ, ಕೊನೆಯ ಸಾಲಿಗೂ ತುಪ್ಪ ಕಡಿಮೆಯಾಗಲಿಲ್ಲ. ನಮ್ಮ ನಂತರದ ಪಾಳಿ ಓಣಿಯ ತುದಿಯ ಕುರಿ ಸಾಕುವ ಕಾಕಾನ ಮನೆಯದು. ಕಾಕಾ ಅಪ್ಪನಿಗಿಂತ ತುಸು ಚಿಕ್ಕವರು, ಅಪ್ಪನನ್ನು ಅಣ್ಣಾರ ಎನ್ನುತ್ತಿದ್ದರು. ಮಾತು ಕಡಿಮೆ, ಹಾಡು ಚೆನ್ನಾಗಿತ್ತು. ಕೊಪ್ಪರಿಗೆ ಇಡಲು ಜಾಗವಾಗಲೆಂದು ಆ ವರ್ಷ ಅವರ ಮನೆಯಲ್ಲಿ ಒಂದು ಗೋಡೆಯನ್ನೇ ಹಿಂದೆ ಸರಿಸಿ ಕಟ್ಟಿದ್ದರು.

ಕೊನೆಯ ಸೋಮವಾರ ಅಪ್ಪ ನಡುವೆ ನಿಂತರು. “ನನ್ನ ಪಾಳಿ ತೀರಿತ್ರಿ” ಎಂದರು. ಓಣಿ ಇರ್ರಿ ಎಂದಿತು. ಅಪ್ಪ ಬ್ಯಾಡ್ರಿ ಎಂದರು. ಎರಡನೆಯ ಸಲವೂ ಆಯಿತು. ಮೂರನೆಯ ಸಲ ಓಣಿ ತುಸು ಜೋರಾಗಿಯೇ ಇರ್ರಿ ಎಂದಿತು. ಅಪ್ಪ ಚೆನ್ನಾಗಿ ಮಾಡಿದ್ದರಲ್ಲ, ಅದಕ್ಕೆ. ಅಪ್ಪ ಸೌಟು ನೋಡಿದರು, ಜನರನ್ನು ನೋಡಿದರು. ಅವರ ಕಣ್ಣು ತುಂಬಿಕೊಂಡವು. ಅಪ್ಪನ ಕಣ್ಣಲ್ಲಿ ನೀರು ನಾನು ಅದೇ ಮೊದಲು ನೋಡಿದ್ದು. “ಇಷ್ಟು ಮಂದಿ ಇಷ್ಟು ಪ್ರೀತಿಲೆ ಹೇಳಾಕತ್ತೀರಿ. ನಿಮ್ಮ ಮಾತು ನಾ ಹ್ಯಾಂಗ ಮೀರಲಿ? ಆಗಲಿ” ಎಂದುಬಿಟ್ಟರು.

ಯಾರಿಗೂ ಏನು ಮಾಡಬೇಕೆಂದು ತಿಳಿಯಲಿಲ್ಲ. ಕಾಕಾ ಆಗಲೇ ಕೈತೊಳೆದು ಎದ್ದು ನಿಂತಿದ್ದರು. ಎದ್ದವರು ಮತ್ತೆ ಕೂತರೆ ಅಪ್ಪನಿಗೆ ಅವಮಾನ, ನಿಂತೇ ಇದ್ದರೆ ತಮಗೇ ಅವಮಾನ. ಪಕ್ಕದಲ್ಲಿದ್ದ ತಂಬಿಗೆ ಎತ್ತಿಕೊಂಡು, ಊಟ ಮುಗಿಸಿ ಕೈತೊಳೆದು ಕೂತವರಿಗೆಲ್ಲ ನೀರು ಬೇಕೇನ್ರಿ, ನೀರು ಬೇಕೇನ್ರಿ ಎಂದು ಕೇಳುತ್ತ ಸಾಲಿನ ತುದಿಯ ತನಕ ಹೋದರು. ಯಾರೋ ಚಪ್ಪಾಳೆ ತಟ್ಟಿದರು. ಉಳಿದವರೂ ತಟ್ಟಿದರು. ನಾನೂ ತಟ್ಟಿದೆ.

ಮುಂದಿನದು ಹೇಳುವುದು ನನಗೆ ಸುಲಭವಲ್ಲ, ಆದರೂ ಹೇಳುತ್ತೇನೆ. ಅಪ್ಪ ಇಳಿಯಲಿಲ್ಲ. ಎರಡು ವರ್ಷಕ್ಕೊಮ್ಮೆ ನಡುವೆ ನಿಂತು ಪಾಳಿ ತೀರಿತೆನ್ನುವರು, ಓಣಿ ಇರ್ರಿ ಎನ್ನುವುದು, ಅಪ್ಪ ಎರಡು ಸಲ ಬ್ಯಾಡವೆಂದು ಮೂರನೆಯ ಸಲಕ್ಕೆ ಒಪ್ಪಿಕೊಳ್ಳುವರು. ಇಳೀರಿ ಎಂದು ಯಾರೂ ಹೇಳುವಂತಿರಲಿಲ್ಲ, ಆ ಮಾತಿಗೆ ನಮ್ಮ ಪದ್ಧತಿಯಲ್ಲಿ ಜಾಗವೇ ಇರಲಿಲ್ಲ. ಅಪ್ಪ ಕೆಲಸವನ್ನೂ ಮಾಡಿದರು. ಮಳೆಗೆ ಜನ ನೆನೆಯಬಾರದೆಂದು ದಾಸೋಹದ ಅಂಗಳಕ್ಕೆ ತಗಡಿನ ಪತ್ರಾ ಹಾಕಿಸಿದರು. ಪತ್ರಾ ಆದ ಮೇಲೆ ನೆಲಕ್ಕೆ ಶಹಾಬಾದ ಕಲ್ಲು, ಕಲ್ಲಾದ ಮೇಲೆ ನೀರಿನ ಟಾಕಿ. ಒಮ್ಮೆ ನಾನು ನಗುತ್ತಲೇ, “ಮುಂದಿನ ಮನಿಯವರು ಮಾಡ್ತಾರ ಬಿಡ್ರಿ ಅಪ್ಪಾ” ಎಂದೆ. “ಕೆಲಸ ಅರ್ಧಕ್ಕ ಬಿಟ್ಟು ಹ್ಯಾಂಗ ಇಳಿಯೂದು?” ಎಂದರು. ಅವರ ಗಾದಿಯ ಮೇಲೆ ಕೂತು ಚಹಾ ಕುಡಿದವರಲ್ಲಿ ಮುಕ್ಕಾಲು ಮಂದಿ ಕೊಟ್ಟಿದ್ದು ಇದೇ ಉತ್ತರ. ಅದನ್ನು ಹೇಳಲು ನನ್ನ ನಾಲಗೆ ಏಳಲಿಲ್ಲ. ಅಂಗಡಿಯಲ್ಲಿ ಅವರ ಪ್ರಶ್ನೆಯಂತೂ ನಿಲ್ಲಲೇ ಇಲ್ಲ. ಬಂದವರಿಗೆಲ್ಲ, ಯಾವಾಗ ಇಳೀತೀರಿ.

ಅಷ್ಟರಲ್ಲಿ ನನಗೆ ಮದುವೆಯಾಗಿ ಹುಮನಾಬಾದಿಗೆ ಬಂದಿದ್ದೆ. ದುಬಲಗುಂಡಿಯ ಶಾಲೆಯಲ್ಲಿ ಕೆಲಸ ಸಿಕ್ಕಿತು. ಬೆಳಿಗ್ಗೆ ಹುಮನಾಬಾದ ಬಸ್‌ಸ್ಟ್ಯಾಂಡಿನಲ್ಲಿ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುವವರ ಜೊತೆ ಜಗಳವಾಡಿ ಹತ್ತುವುದು, ಸಂಜೆ ತೊಗರಿ ಹೊಲಗಳ ನಡುವೆ ತೂಕಡಿಸುತ್ತ ಮರಳುವುದು. ಹೆದ್ದಾರಿಯ ಲಾರಿಗಳ ಸದ್ದು, ಕಾರ್ಖಾನೆಗಳ ಕಡೆಯಿಂದ ಬರುವ ವಾಸನೆ, ಅಡತಿ ಬಜಾರಿನ ಧೂಳು ಎಲ್ಲಕ್ಕೂ ಒಗ್ಗಿಕೊಂಡೆ. ಶ್ರಾವಣ ಬಂತೆಂದರೆ ಮಾತ್ರ ಮನಸ್ಸು ನಿಲ್ಲುತ್ತಿರಲಿಲ್ಲ. ಸೋಮವಾರ ರಜೆ ಹಾಕಿ ಕಲ್ಯಾಣದ ಬಸ್ಸು ಹತ್ತುತ್ತಿದ್ದೆ. ಓಣಿಯಲ್ಲಿ ನಾನು ಯಜಮಾನರ ಮಗಳು. ನನ್ನ ಎಲೆಗೆ ತುಪ್ಪ ಬೇರೆಯವರಿಗಿಂತ ಒಂದು ಧಾರೆ ಹೆಚ್ಚು ಬೀಳುತ್ತಿತ್ತು. ಬೀಳಲಿ ಎಂದು ನಾನೂ ಎಲೆ ಮುಂದೆ ಮಾಡುತ್ತಿದ್ದೆ. ಅಧಿಕಾರದ ರುಚಿ ಹೇಗಿರುತ್ತದೆಂದು ಯಾರಾದರೂ ಕೇಳಿದರೆ ನಾನು ತುಪ್ಪದ ಹುಗ್ಗಿಯೆಂದೇ ಹೇಳಬೇಕು.

ಒಂದು ಶ್ರಾವಣದಲ್ಲಿ ನಳದ ಹತ್ತಿರ ಕೊಡ ತೊಳೆಯುತ್ತಿದ್ದೆ. ಕಾಕಾನ ಹೆಂಡತಿ, ನಮಗೆಲ್ಲ ಕಾಕು, ನನ್ನ ಕಡೆ ನೋಡದೆಯೇ ಕೇಳಿದರು. “ಎಲ್ಲರ ಮನೀನೂ ಹಾದು ಬಂತು ಪಾಳಿ. ನಮ್ಮ ಮನೀ ಮುಟ್ಟೂ ಮುಂದನ ಯಾಕ ನಿಂತಿತವ್ವ?”

ಅದರಲ್ಲಿ ಇನ್ನೊಂದು ಪ್ರಶ್ನೆಯಿತ್ತು. ನಮ್ಮದು ಅಂಗಡಿಯವರ ಮನೆ, ಅವರದು ಕುರಿಯವರ ಮನೆ. ಅಪ್ಪನ ತಲೆಯಲ್ಲಿ ಆ ಭೇದ ಇರಲಿಲ್ಲವೆಂದು ನಾನು ಯಾವ ದೇವರ ಮುಂದೆ ಬೇಕಾದರೂ ಆಣೆ ಮಾಡುತ್ತೇನೆ. ಆದರೆ ತಲೆಯಲ್ಲಿಲ್ಲದ್ದು ಓಣಿಯಲ್ಲಿ ಎಲ್ಲರ ಕಣ್ಣಿಗೂ ಇದ್ದಂತೆಯೇ ಕಾಣುತ್ತಿತ್ತು. “ಅಪ್ಪಗ ಹೇಳ್ತೀನಿ ಕಾಕು” ಎಂದೆ. ಕಾಕು ಕೊಡ ಎತ್ತಿಕೊಂಡು, “ನೀ ಹೇಳೂದಿಲ್ಲ ಬಿಡು” ಎಂದರು. ಸರಿಯಾಗಿಯೇ ಹೇಳಿದ್ದರು. ನಾನು ಹೇಳಲಿಲ್ಲ.

ಮಾಸ್ತರಿಕೆ ಎಂದರೆ ಚುನಾವಣೆ ಕೆಲಸವೂ ಅದರ ಬೆನ್ನಿಗೇ ಇರುತ್ತದೆ. ಮತಪೆಟ್ಟಿಗೆ ಹೋಗಿ ಯಂತ್ರ ಬಂದ ಹೊಸತರಲ್ಲಿ ನನ್ನನ್ನು ಘಾಟಬೋರಾಳದ ಕಡೆಯ ಒಂದು ಮತಗಟ್ಟೆಗೆ ಹಾಕಿದ್ದರು. ಬೆರಳಿಗೆ ಶಾಯಿ ಹಚ್ಚುವುದು ನನ್ನ ಕೆಲಸ. ಕಳೆ ಕಿತ್ತು ಸೀಳಿದ ಬೆರಳು, ಸೆಗಣಿಯ ವಾಸನೆಯ ಬೆರಳು, ಮೆಹಂದಿಯ ಬೆರಳು, ದಿನವಿಡೀ ಬೆರಳುಗಳೇ. ಮಧ್ಯಾಹ್ನ ಒಬ್ಬ ಮುದುಕಿ ಬಂದಳು. ಶಾಯಿ ಹಚ್ಚಿಸಿಕೊಂಡು ಒಳಗೆ ಹೋದವಳು ಎಷ್ಟು ಹೊತ್ತಾದರೂ ಹೊರಗೆ ಬರಲಿಲ್ಲ. ಕೊನೆಗೆ ರಟ್ಟಿನ ಮರೆಯಿಂದ ತಲೆ ಹೊರಗೆ ಹಾಕಿ ನನ್ನನ್ನೇ ಕೇಳಿದಳು.

“ಟೀಚರವ್ವ, ಇವೆಲ್ಲಾ ಏರಸೂ ಬಟನ್ ಅವ. ಇಳಸೂದು ಯಾವುದು?”

ಮತಗಟ್ಟೆಯಲ್ಲಿದ್ದವರೆಲ್ಲ ನಕ್ಕರು, ಏಜೆಂಟರೂ ನಕ್ಕರು. “ಇಳಸೂದು ಇಲ್ಲವ್ವ, ಒಂದು ಒತ್ತಿ ಬಾ” ಎಂದು ಮುಖ್ಯ ಅಧಿಕಾರಿ ಹೇಳಿದರು. ಮುದುಕಿ ಏನೋ ಒಂದು ಒತ್ತಿ, ಯಂತ್ರ ಕೂಗಿದ್ದಕ್ಕೆ ಬೆಚ್ಚಿ, ಕೋಲೂರಿಕೊಂಡು ಹೋದಳು. ನನಗೆ ಮಾತ್ರ ನಗು ಬರಲಿಲ್ಲ. ಅವಳು ಕೇಳಿದ್ದು ಅಪ್ಪನ ಪ್ರಶ್ನೆ. ಆದರೆ ನನ್ನ ಕಣ್ಣೆದುರು ನಿಂತಿದ್ದು ಯಾವ ಅಭ್ಯರ್ಥಿಯೂ ಅಲ್ಲ, ಪತ್ರಾದ ಕೆಳಗೆ ಸೌಟು ಹಿಡಿದ ಅಪ್ಪ. ಅಪ್ಪನನ್ನು ಇಳಿಸುವ ಬಟನ್ನೂ ಎಲ್ಲಿಯೂ ಇರಲಿಲ್ಲ.

ಮುಂದಿನ ಶ್ರಾವಣಕ್ಕೆ ಹೇಳಿಯೇಬಿಡಬೇಕೆಂದು ಹೋದೆ. ರೊಟ್ಟಿ ಬಡಿಯುತ್ತಿದ್ದ ಅವ್ವನ ಹತ್ತಿರ ಮೊದಲು ಬಾಯಿಬಿಟ್ಟೆ. ಅವ್ವ ಹಂಚಿನ ಮೇಲಿನ ರೊಟ್ಟಿ ತಿರುವಿ ಹಾಕಿ, “ಬ್ಯಾಡ” ಎಂದಳು. “ಅಂಗಡ್ಯಾಗ ಈಗ ಯಾರು ಬರಾಕತ್ತಾರ? ಎಲ್ಲಾ ರೆಡಿಮೇಡ್ ಆಗ್ಯಾದ. ದಿನಾ ಅವೇ ಅರಿವಿ ಥಾನು ಬಿಚ್ಚಿ, ಅವೇ ಥಾನು ಮಡಚಿ ಇಡ್ತಾರ. ಶ್ರಾವಣ ಒಂದು ಅದ ಅಂತ ಇಡೀ ವರ್ಷ ನಿಂತಾರ. ಅದನ್ನೂ ಕಸಕೊಂಡ್ರ ಏನು ಮಾಡ್ತಾರ?”

“ಅದು ಕಾಕಾನದು ಅವ್ವ.”

“ನನಗ ಗೊತ್ತಿಲ್ಲೇನು?” ಎಂದಳು ಅವ್ವ. ಅವಳ ದನಿಯಲ್ಲಿ ನಾಚಿಕೆಯಿತ್ತು. ಆ ಸೋಮವಾರವೂ ನಾನು ಹೆಚ್ಚಿನ ತುಪ್ಪ ಉಂಡು ಹುಮನಾಬಾದಿಗೆ ಮರಳಿದೆ.

ಅಪ್ಪನಿಗೆ ಹನ್ನೆರಡನೆಯ ಶ್ರಾವಣ ನಡೆಯುತ್ತಿದ್ದಾಗ ಊರಿನಲ್ಲಿ ಪುರಸಭೆಯ ಚುನಾವಣೆಯೂ ಬಂತು. ನಾನು ಅಂಗಡಿಯಲ್ಲೇ ಕೂತಿದ್ದೆ. ಇಬ್ಬರು ಹೆಂಗಸರು ಕುಪ್ಪಸದ ಖಣ ಆರಿಸುತ್ತಿದ್ದರು. ಪಕ್ಕದ ಓಣಿಯವರೊಬ್ಬರು ಮತ ಕೇಳಲು ಬಂದರು. ಮೂರು ಸಲ ಗೆದ್ದು ನಾಲ್ಕನೆಯ ಸಲಕ್ಕೆ ನಿಂತವರು. ಚಹಾ ಬಂತು, ಗುಟುಕಾಯಿತು, ಅಪ್ಪ ಬಟ್ಟೆಗೆ ಕತ್ತರಿ ಹಾಕುತ್ತಲೇ ಕೇಳಿದರು.

“ಯಾವಾಗ ಇಳೀತೀರಿ?”

ಆ ಮನುಷ್ಯ ಬಸಿ ಕೆಳಗಿಟ್ಟರು. ಸಿಟ್ಟಿನಿಂದ ಮಾತಾಡಲಿಲ್ಲ, ಮೆತ್ತಗೇ ಮಾತಾಡಿದರು. “ಸಾವಕಾರ್ರ, ನಾ ಐದು ವರ್ಷಕ್ಕೊಮ್ಮೆ ಮಂದೀ ಮುಂದ ಕೈಮುಗದು ನಿಂದರ್ತೀನಿ. ಬ್ಯಾಡಂದ್ರ ಮನೀಗಿ ಕಳಸ್ತಾರ. ನಿಮಗ ಬ್ಯಾಡ ಅನ್ನೂ ದಾರಿನೇ ಯಾರಿಗೂ ಇಲ್ಲಲ್ರಿ. ಹನ್ನೆರಡು ಶ್ರಾವಣ ಆತು ಸೌಟು ಹಿಡದು. ನೀವು ಯಾವಾಗ ಇಳೀತೀರಿ ಹೇಳ್ರಿ. ಅದರ ಮರುದಿನ ನಾ ಇಳೀತೀನಿ.”

ಅಪ್ಪ ನಗುತ್ತಾರೆಂದುಕೊಂಡೆ. ನಗಲಿಲ್ಲ. ಹೆಂಗಸರ ಕಡೆ ನೋಡಿದರು. ಅವರು ನಮ್ಮ ಓಣಿಯವರೇ. ಇಬ್ಬರೂ ತಲೆ ತಗ್ಗಿಸಿ ಖಣದ ಅಂಚು ನೋಡತೊಡಗಿದರು. ಅಪ್ಪ ನನ್ನ ಕಡೆ ನೋಡಿದರು. ನಾನೂ ತಲೆ ತಗ್ಗಿಸಿದೆ. ಅಷ್ಟೇ ಸಾಕಾಯಿತು. ಅವರ ಕೈಯಲ್ಲಿದ್ದ ಕತ್ತರಿ ಓರೆಯಾಗಿ ಬಟ್ಟೆ ಸೊಟ್ಟಗೆ ಹರಿದಿತ್ತು. ಆ ತುಂಡನ್ನು ಮಡಚಿ ಪಕ್ಕಕ್ಕಿಟ್ಟು, ಹೆಂಗಸರಿಗೆ ಹೊಸ ತುಂಡು ಹರಿದು ಕೊಟ್ಟು, ಹಾಡಹಗಲೇ ಅಂಗಡಿಯ ಬಾಗಿಲು ಹಾಕಿದರು.

ಮನೆಗೆ ಬಂದು ಪಡಸಾಲೆಯಲ್ಲಿ ಕೂತ ಮೇಲೆ ಕೇಳಿದರು. “ನಿನಗ ಗೊತ್ತಿತ್ತೇನು?”

“ಹೌದ್ರಿ ಅಪ್ಪಾ.”

“ಯಾವಾಗಿಂದ?”

“ಮೊದಲನೇ ಸಲದಿಂದ. ಕಾಕಾ ತಂಬಿಗಿ ಹಿಡಕೊಂಡು ನೀರು ಕೇಳಿದ್ರಲ್ರಿ, ಅವತ್ತಿಂದ.”

ಅಪ್ಪ ಕೈಯ ಗೆರೆ ನೋಡುತ್ತ ಕೂತರು. ಅವರು ಬೈಯಲಿ ಎಂದು ಕಾಯುತ್ತಿದ್ದೆ. ಬೈದಿದ್ದರೆ ಹಗುರವಾಗುತ್ತಿತ್ತು. “ಮತ್ತ ಯಾಕ ಹೇಳಲಿಲ್ಲ?” ಎಂದು ಕೇಳಿ, ನನ್ನ ಉತ್ತರಕ್ಕೆ ಕಾಯದೇ ತಾವೇ ಹೇಳಿಕೊಂಡರು. “ನೀ ಹ್ಯಾಂಗ ಹೇಳ್ತಿ? ಮನೀ ಮಂದಿ ಹೇಳೂದಿಲ್ಲ. ಹೊರಗಿನವರು ಹೇಳಿದ್ರ ನಾವು ಕೇಳೂದಿಲ್ಲ. ಕುಂತವಗ ತಿಳಿಯೂದಿಲ್ಲ. ಅದಕ್ಕೇ ನಮ್ಮ ಹಿರಿಯರು ಎರಡು ಶ್ರಾವಣ ಅಂತ ಹಾಕಿಟ್ಟಿದ್ರು. ಅದನ್ನ ನಾನೇ ಮುರದೀನಿ.” ಅವ್ವ ಒಳಗಿನಿಂದ ನೀರು ತಂದು ಕೊಟ್ಟಳು. ಅಪ್ಪ ಕುಡಿದರು.

ಇಂದಿಗೂ ಅಧಿಕಾರದ ಪಾಳಿಗೆ ಮಿತಿ ಇರಬೇಕೆಂಬ ಮಾತು ಬಂದಾಗ ಕೆಲವರು ನನ್ನೊಡನೆ ವಾದಕ್ಕಿಳಿಯುತ್ತಾರೆ. ಒಳ್ಳೆಯವರಿದ್ದರೆ ಇರಲಿಬಿಡಿ, ಕೆಟ್ಟವರನ್ನು ಜನರೇ ಸೋಲಿಸುತ್ತಾರೆ ಎನ್ನುತ್ತಾರೆ. ಕೆಟ್ಟವರ ವಿಷಯ ನನಗೆ ಅಷ್ಟು ಗೊತ್ತಿಲ್ಲ. ನಾನು ನೋಡಿದ್ದು ಒಬ್ಬ ಒಳ್ಳೆಯವರನ್ನು. ಹುಗ್ಗಿಯ ತಳ ಹಿಡಿಸದವರು, ಕೊನೆಯ ಸಾಲಿಗೂ ತುಪ್ಪ ಮುಟ್ಟಿಸಿದವರು, ಜನ ಪ್ರೀತಿಯಿಂದ ಇರ್ರಿ ಎಂದದ್ದನ್ನು ನಂಬಿದವರು. ಅಂಥವರನ್ನು ಇಳಿಸುವುದೇ ಕಷ್ಟ.

ಮರುದಿನ ಬೆಳಿಗ್ಗೆ ಅಪ್ಪ ಸ್ನಾನ ಮಾಡಿ, ಕೊನೆಯ ಸೋಮವಾರಕ್ಕೆ ಕಾಯದೇ, ಸೌಟು ತೆಗೆದುಕೊಂಡು ಹೊರಟರು. “ನೀನೂ ಬಾ” ಎಂದರು. ಓಣಿಯ ತುದಿಯ ತನಕ ನಡೆದೆವು. ಬಾಗಿಲಲ್ಲಿ ನಿಂತವರು ನೋಡಿದರು. ಕಾಕಾ ಅಂಗಳದಲ್ಲಿ ಹೊರಸಿನ ಮೇಲೆ ಕಂಬಳಿ ಹೊದ್ದು ಕೂತಿದ್ದರು. ಎರಡು ವರ್ಷದ ಹಿಂದೆ ಅವರ ಬಲಗೈಗೆ ಲಕ್ವಾ ಹೊಡೆದಿತ್ತು. ಆಗ ಅಪ್ಪನೇ ಅವರನ್ನು ಹುಮನಾಬಾದಿಗೆ ಕರೆತಂದು ಡಾಕ್ಟರಿಗೆ ತೋರಿಸಿದ್ದರು, ನನ್ನ ಮನೆಯಲ್ಲೇ ಎರಡು ದಿನ ಇಟ್ಟುಕೊಂಡಿದ್ದರು. ಅದೇ ಕೈ ಸೌಟಿಗೆ ಕಾಯುತ್ತಿದ್ದ ಕೈಯೆಂದು ಆ ಎರಡು ದಿನದಲ್ಲಿ ಅಪ್ಪನಿಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ.

“ನನ್ನ ಪಾಳಿ ತೀರಿತು” ಎಂದರು ಅಪ್ಪ. “ತೀರಿ ಹತ್ತು ವರ್ಷ ಆತು.”

ಕಾಕಾ ಇರ್ರಿ ಎನ್ನಲಿಲ್ಲ. ಎಡಗೈ ಚಾಚಿ ಸೌಟು ತೆಗೆದುಕೊಂಡರು. ಅದರ ಭಾರಕ್ಕೆ ಕೈ ಕೆಳಗೆ ಹೋಯಿತು. ತೊಡೆಯ ಮೇಲೆ ಇಟ್ಟುಕೊಂಡರು. ಬಾಗಿಲಲ್ಲಿ ನಿಂತಿದ್ದ ಸೊಸೆಯನ್ನು ಕರೆದು, “ಇನ್ನ ನೀನೇ ಮಾಡಬೇಕವ್ವ, ನನಗ ಆಗೂದಿಲ್ಲ” ಎಂದರು. ಕಾಕು ಗೋಡೆಗೆ ಒರಗಿ ನಿಂತಿದ್ದರು, ನಮ್ಮ ಕಡೆ ನೋಡಲಿಲ್ಲ.

ಅಪ್ಪ ಹೊರಸಿನ ತುದಿಗೆ ಕೂತರು. ಅವರಿಗೆ ಕ್ಷಮೆ ಕೇಳಿ ರೂಢಿಯಿರಲಿಲ್ಲ. ಕೇಳಲು ಹೋಗಿ ಬೇರೆಯದೇ ಬಾಯಿಗೆ ಬಂತು. “ನಾ ಕೆಟ್ಟದ್ದು ಏನೂ ಮಾಡಿಲ್ಲಲ್ಲೋ ತಮ್ಮಾ? ಒಂದು ಸೋಮವಾರನಾದ್ರೂ ಯಾರಿಗರ ಕಡಿಮಿ ಬಿದ್ದದೇನು?”

“ಇಲ್ಲರಿ ಅಣ್ಣಾರ” ಎಂದರು ಕಾಕಾ. ಅವರ ಮಾತೂ ತುಸು ತೊದಲುತ್ತಿತ್ತು, ನಿಧಾನವಾಗಿ ಹೇಳಿದರು. “ಚಲೋನೇ ಮಾಡೀರಿ. ನಾ ಮಾಡಿದ್ರ ಇಷ್ಟು ಚಲೋ ಆಗ್ತಿತ್ತೋ ಇಲ್ಲೋ. ಹುಗ್ಗಿ ತಳ ಹಿಡೀತಿತ್ತೋ ಏನೋ, ಮಂದಿ ನಗ್ತಿತ್ತೋ ಏನೋ. ಅದು ಯಾರಿಗೂ ತಿಳೀಲಿಲ್ಲ ನೋಡ್ರಿ. ನನಗೂ ತಿಳೀಲಿಲ್ಲ.”

ಅಪ್ಪ ಕಾಕಾನ ಆ ಸೋತ ಬಲಗೈಯನ್ನು ಎತ್ತಿ ತಮ್ಮ ಎರಡೂ ಕೈಯಲ್ಲಿ ಹಿಡಿದುಕೊಂಡು, ಬಿಸಿಲು ಅಂಗಳಕ್ಕೆ ಬರುವ ತನಕ ಅಲ್ಲೇ ಕೂತಿದ್ದರು.